ಸೀಟಿನಡಿಯ ಮೂರು ಚುಕ್ಕೆ

ಮೇ 3

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆ. ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಓದು.

ಇನ್ನೂರ ಹದಿನೇಳು ಎರಡು ಹೇಗಾಯಿತು?

ನಿಮ್ಮ ಕಾರ್ಖಾನೆಯ ಆ ಕೆಂಪು ರೇಸ್ ಕಾರಿನ ಮಾತು. ಅಜ್ಜನ ಕಾಲದ ಪಂದ್ಯದ ಕಾರಿನ ಪ್ರತಿರೂಪ. ಅಂಗೈ ಮೇಲೆ ಕೂರುವಷ್ಟು, ಉದ್ದ ಮೂತಿ, ತಂತಿ ಚಕ್ರ. ಕಳೆದ ವರ್ಷ ನಮ್ಮ ಅಂಗಡಿಗೆ ಬಂದಾಗ ಪೆಟ್ಟಿಗೆಯ ಮೇಲೆ ಬರೆದಿತ್ತು: ಇಡೀ ಜಗತ್ತಿಗೆ ಐನೂರೇ. ಒಂದೊಂದರ ಹೊಟ್ಟೆಯಡಿ ಒಂದೊಂದು ಸಂಖ್ಯೆ. ನವೆಂಬರಿನಲ್ಲಿ ನಿಮ್ಮ ಮ್ಯಾನೇಜರು ಸುತ್ತಿಗೆ ಎತ್ತಿ ಅಚ್ಚು ಒಡೆಯುತ್ತಿರುವ ಫೋಟೋ ನಮ್ಮ ಗೋಡೆಯ ಮೇಲೆ ಇನ್ನೂ ಹಲ್ಲು ಕಿರಿಯುತ್ತಿದೆ. 217 ಹೋದದ್ದು ಹಲ್ಲಿನ ಡಾಕ್ಟರ ಮನೆಗೆ. ಪೆಟ್ಟಿಗೆ ಕಟ್ಟಿದವನು ನಾನೇ.

ಹೋದ ವಾರ ಒಬ್ಬ ದಲ್ಲಾಳಿ ಚೀಲದಲ್ಲಿ ಇನ್ನೊಂದು ತಂದ. ನಮ್ಮ ಧಣಿ ಹಿಂದುಮುಂದು ನೋಡದೆ ಕೊಂಡರು. ಗಾಜಿನ ಬೀರುವಿನಲ್ಲಿ ಇಡುವ ಮುಂಚೆ ಧೂಳು ಒರೆಸಿ ತಿರುಗಿಸಿದೆ. ಹೊಟ್ಟೆಯಡಿ 217. ಅದೇ ಹೊತ್ತಿಗೆ ಡಾಕ್ಟರು ಬರಬೇಕೇ? ನೋಡಿ ಕೆಂಡವಾದರು. ಕಂಪನಿಗೆ ದೂರು ಬರೆಯುತ್ತಾರಂತೆ. ‘ಕೂಲಿಯವರು ಕದ್ದು ಮಾರಿದ್ದಾರೆ, ಇನ್ನೇನು’ ಅಂದರು ಧಣಿ. ನಾನು ತಲೆಯಾಡಿಸಿದೆ.

ಎಲ್ಲರೂ ಹೋದ ಮೇಲೆ ಸೀಟಿನ ಅಡಿ ನೋಡಿದೆ. ಮೂರು ಚುಕ್ಕೆ, ಸಾಲಾಗಿ. ನಿನ್ನ ಗುರುತು. ಏಪ್ರಿಲಿನಲ್ಲಿ ಬಂದಾಗ ನೀನೇ ಹೇಳಿದ್ದೆಯಲ್ಲ. ನಾನು ಯಾರಿಗೂ ತೋರಿಸಿಲ್ಲ, ಯಾರಿಗೂ ಹೇಳಿಲ್ಲ.

ನೀನು ಹೊರಗೆ ತಂದೆಯಾ ಅಕ್ಕಾ? ತಂದಿದ್ದರೆ ನನಗೊಬ್ಬನಿಗೆ ಹೇಳಿಬಿಡು.

ಇಲ್ಲಿ ನಾನು ಆರಾಮ.

ನಿನ್ನ ತಮ್ಮ


ಮೇ 11

ತಮ್ಮಾ,

ನಿನ್ನ ಪತ್ರವನ್ನು ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ನಿಂತೇ ಓದಿದೆ. ನನ್ನ ಮುಖ ನೋಡಿ ಅವಳು, ‘ಯಾರಾದ್ರೂ ಹೋಗ್ಬಿಟ್ರಾ?’ ಅಂದಳು. ‘ಹೌದು, ಮರ್ಯಾದೆ ಹೋಯ್ತು’ ಅಂದೆ.

ನಮ್ಮ ಗೇಟು ನೋಡಿದ್ದೀಯಾ ನೀನು? ಸಂಜೆ ಸಾಲಾಗಿ ನಿಲ್ಲಿಸಿ ಊಟದ ಡಬ್ಬಿ ಬಿಚ್ಚಿಸುತ್ತಾರೆ. ಜಡೆ ಬಿಚ್ಚಿಸುತ್ತಾರೆ. ಚಪ್ಪಲಿ ಕೊಡವಿಸುತ್ತಾರೆ. ಚಕ್ರದ ಒಂದು ತುಂಡು ತಂತಿ ನನ್ನ ಸೆರಗಿಗೆ ಸಿಕ್ಕಿತ್ತೆಂದು ಒಂದು ಗಂಟೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಬೆಳಗ್ಗೆ ನಮ್ಮ ಫೋನು ಅವರ ಪೆಟ್ಟಿಗೆಗೆ. ಹಾಸ್ಟೆಲಿಗೆ ಬಂದ ಕಾಗದ ವಾರ್ಡನ್ ಓದಿ ಉಗುಳಿದ ಮೇಲೆ ನಮಗೆ. ಅದಕ್ಕೇ ನಿನಗೆ ದರ್ಜಿಯ ವಿಳಾಸ ಕೊಟ್ಟದ್ದು. ಇಂಥ ಕಡೆಯಿಂದ ನಾನು ಕಾರು ಕದಿಯಬೇಕಾದರೆ ಅದರೊಳಗೆ ಕೂತು ಓಡಿಸಿಕೊಂಡೇ ಬರಬೇಕು!

ಗುರುತು ಯಾಕೆ ಹುಟ್ಟಿತು ಅಂತ ನಿನಗೆ ಹೇಳಿದ್ದೆ. ಮರೆತಿದ್ದೀಯ, ಇನ್ನೊಮ್ಮೆ ಕೇಳು. ನಾಲ್ಕು ವರ್ಷದ ಹಿಂದೆ ಯಾರೋ ಕೆಡಿಸಿದ ಇಪ್ಪತ್ತು ಕಾರನ್ನು ಒಬ್ಬ ಬಸುರಿಯ ತಲೆಗೆ ಕಟ್ಟಿ ಅವಳನ್ನು ಹೊರಗೆ ಹಾಕಿದರು. ನಮ್ಮ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ಓಡಾಡುವ ಮೇಲ್ವಿಚಾರಕ ಇದ್ದಾನಲ್ಲ, ನಾವು ಗಡಿಯಾರ ಅಂತ ಕರೆಯುವವನು, ‘ನಿನ್ನ ಕೈಯಲ್ಲ ಅನ್ನೋಕೆ ಏನು ಸಾಕ್ಷಿ?’ ಅಂದ. ಅವತ್ತಿನಿಂದ ನಮ್ಮ ಮೇಜಿನ ಏಳು ಜನ ಅವರವರು ಬಳಿದ ಭಾಗದ ಮರೆಯಲ್ಲಿ ಅವರವರ ಗುರುತು ಇಡುತ್ತೇವೆ. ನನ್ನ ಕುಂಚಕ್ಕೆ ಮೂರೇ ಕೂದಲು, ನನ್ನದು ಮೂರು ಚುಕ್ಕೆ. ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುವ ಸೂಜಿಕಣ್ಣಿಯದು ಅರ್ಧ ಚಂದ್ರ.

ಪೆಟ್ಟಿಗೆಯ ಮೇಲೆ ಆ ಪಂದ್ಯದ ಕಾರು ಓಡಿಸಿದ, ಎಂದೋ ಸತ್ತ ಡ್ರೈವರನ ಹೆಸರಿದೆ. ಕಂಪನಿಯ ಹೆಸರಿದೆ. ನಿನ್ನ ಧಣಿಯ ಚೀಟಿ ಇದೆ. ನಾವೆಲ್ಲಿದ್ದೇವೆ? ಸೀಟಿನಡಿ. ಅದನ್ನೂ ಹುಡುಕಿ ಕಳ್ಳಿಯ ಗುರುತು ಮಾಡಿಬಿಟ್ಟೆಯಲ್ಲ, ಭೇಷ್.

ಮಾರ್ಚಿನಲ್ಲಿ ಒಂದು ಕೆಲಸ ಬಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಅಂಚೆಯನ್ನು ಮೊದಲು ಎತ್ತಿಕೊಳ್ಳುವವನು ನೀನೇ ಅಂತ ನಂಬಿ ಇಷ್ಟು ಬರೆದೆ; ಆ ಮಾತು ಮಾತ್ರ ತಪ್ಪಿಯೂ ಧಣಿಯ ಕೈಗೆ ಬೀಳಬಾರದು.

ಈಗ ನನ್ನ ಪ್ರಶ್ನೆ. ಸೀಟು ಕೂರಿಸುವ ಮುಂಚೆ ನಾನು ಚುಕ್ಕೆ ಇಡುತ್ತೇನೆ. ಕೂರಿಸಿದ ಮೇಲೆ ಅಡಿಯಲ್ಲಿ ಇರುವೆ ತೂರುವಷ್ಟೇ ಸಂದು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನಿನಗೆ ಹೇಗೆ ಕಂಡಿತು?

ನಿನ್ನ ಅಕ್ಕ


ಮೇ 19

ಅಕ್ಕಾ,

ಇನ್ನು ಮೇಲೆ ನನ್ನ ಕೋಣೆಯ ವಿಳಾಸಕ್ಕೆ ಬರೆ. ಲಕೋಟೆಯ ಹಿಂದೆ ಇದೆ.

ಅಂಗಡಿಯ ಟಾರ್ಚು, ಒಂದು ಪುಟ್ಟ ಕನ್ನಡಿ. ಅಷ್ಟೇ. ಅದಕ್ಕೆ ಅಷ್ಟು ದೊಡ್ಡ ವಿಚಾರಣೆ ಯಾಕೆ?

ನೀನು ಬೈದೆ, ಬೈಸಿಕೊಂಡೆ. ಆದರೆ ಮಾರ್ಚಿನ ಕೆಲಸ ಬರೆಯುವುದಿಲ್ಲ ಅಂದರೆ ನಾನು ಏನಂತ ತಿಳಿದುಕೊಳ್ಳಲಿ? ತಪ್ಪು ಮಾಡದವರು ಯಾಕೆ ಮುಚ್ಚಿಡುತ್ತಾರೆ? ಇಲ್ಲಿ ಧಣಿ ದಿನಾ ಒಂದೇ ರಾಗ: ಕಾರ್ಖಾನೆಯವರೆಲ್ಲ ಕಳ್ಳರು. ನಾನು ಬಟ್ಟೆ ಹಿಡಿದು ಗಾಜು ಒರೆಸುತ್ತ ಕೇಳಿಸಿಕೊಳ್ಳುತ್ತೇನೆ. ಒರೆಸಿದ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತದೆ.

ಕೋಪ ಮಾಡಿಕೊಳ್ಳದೆ ಯೋಚನೆ ಮಾಡು. ಈ ವರ್ಷ ಹೊಟ್ಟೆಯಡಿ ಅಂಕಿ ಬರೆಯುವವಳು ಸೂಜಿಕಣ್ಣಿ ಅಂದಿದ್ದೆ. ಹಾಗಾದರೆ ಎರಡನೇ 217 ಬರೆದ ಕೈ ಯಾವುದು? ಮೂರು ಚುಕ್ಕೆ ನಕಲು ಮಾಡುವುದು ಅವಳಿಗೆ ದೊಡ್ಡ ವಿದ್ಯೆಯಾ? ಉಪ್ಪು ತಿಂದವಳು ನೀರು ಕುಡಿಯಲಿ. ನಾಳೆ ಯಾರಾದರೂ ಕೇಳಿದರೆ ಅವಳ ಹೆಸರು ಹೇಳಿಬಿಡು. ಅವಳು ನಮಗೇನು ಅಕ್ಕನಾ, ತಂಗಿಯಾ? ನನಗಿರುವವಳು ನೀನೊಬ್ಬಳೇ.

ತಮ್ಮ


ಮೇ 24

ತಮ್ಮಾ,

ನೋಟೀಸು ಹಾಕಿದ್ದಾರೆ. ಕೈ ತೊಳೆಯುವ ನಲ್ಲಿಯ ಮೇಲೆ, ನಾಲ್ಕು ಮೊಳೆ ಹೊಡೆದು. ‘ಕೆಂಪು ಕಾರಿನ ಸೀಟಿನ ಕೆಳಗೆ ಮೂರು ಚುಕ್ಕೆ ಇಟ್ಟ ಕೆಲಸದವಳು ತಾನಾಗಿ ಬಂದು ಒಪ್ಪಿಕೊಳ್ಳತಕ್ಕದ್ದು. ಗೊತ್ತಿದ್ದೂ ಹೇಳದವರನ್ನೂ ಕಳ್ಳತನಕ್ಕೆ ಜೊತೆಯಾದವರೆಂದು ತಿಳಿಯಲಾಗುವುದು.’

ಎರಡು 217 ಇದೆ ಅಂತ ಡಾಕ್ಟರು ದೂರು ಕೊಡುತ್ತಾರೆ ಅಂದಿದ್ದೆ, ಸರಿ. ಆದರೆ ಮೂರು ಚುಕ್ಕೆ? ಸೀಟಿನ ಕೆಳಗೆ? ಗುರುತಿನ ವಿಷಯ ಏಳು ಜನಕ್ಕೆ ಬಿಟ್ಟರೆ ಎಂಟನೆಯವರಿಗೆ ಗೊತ್ತಿಲ್ಲ. ನಿನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; ನೀನು ತಮ್ಮ.

ಅಂದರೆ ಏಳರಲ್ಲಿ ಒಬ್ಬಳು ಬಾಯಿ ಬಿಟ್ಟಿದ್ದಾಳೆ.

ಸೂಜಿಕಣ್ಣಿಯನ್ನು ಈ ವಾರ ಮ್ಯಾನೇಜರ ಕೋಣೆಗೆ ಎರಡು ಸಲ ಕರೆದರು. ಏನು ಕೇಳಿದರು ಅಂದರೆ, ‘ಏನೋ, ಬಿಡು’ ಅನ್ನುತ್ತಾಳೆ. ಏನೋ ಅಂದರೆ ಏನು? ನಮ್ಮ ಕಾರ್ಮಿಕ ಸಂಘದ ಅರ್ಜಿಗೆ ಮೊದಲ ಸಹಿ ಹಾಕಿದವಳು ಅವಳು. ಮೊದಲು ಸಹಿ ಹಾಕಿದವರೇ ಮೊದಲು ಮಾರಾಟವಾಗುವುದನ್ನು ನಾನು ನೋಡಿದ್ದೇನೆ. ನಿನ್ನ ಪತ್ರ ಬಂದಾಗಿನಿಂದ ಅವಳ ಕುಂಚ ಹಿಡಿದ ಬೆರಳನ್ನೇ ನೋಡುತ್ತಿದ್ದೇನೆ. ಅವಳ ಪಕ್ಕದ ಸ್ಟೂಲಿನಿಂದ ಎದ್ದು ಬಂದೆ. ಉಳಿದ ಐದು ಜನವೂ ಎದ್ದರು. ಈಗ ಅವಳು ಊಟ ಒಬ್ಬಳೇ ಮಾಡುತ್ತಾಳೆ.

ನೀನು ಹೇಳಿದ್ದೇ ನಿಜ ಇರಬಹುದು.

ಅಕ್ಕ


ಜೂನ್ 2

ಅಕ್ಕಾ,

ನೋಟೀಸಿನ ವಿಷಯ ಓದಿದೆ.

ಅವಳೇ ಇರಬೇಕು. ಎರಡೆರಡು ಸಲ ಕರೆಸಿ ಟೀ ಕುಡಿಸಿ ಕಳಿಸುತ್ತಾರಾ? ನೀನು ದೂರ ಸರಿದದ್ದು ಒಳ್ಳೆಯದಾಯಿತು. ನೀನಾಗಿ ಹೋಗಿ ಏನೂ ಒಪ್ಪಿಕೊಳ್ಳಬೇಡ. ಚುಕ್ಕೆಯನ್ನು ಯಾರು ಬೇಕಾದರೂ ಇಡಬಹುದು. ಅದೂ ಅಲ್ಲದೆ ಆ ಹಲ್ಲು ನೋಡುವ ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಕಾರು ಮುಂದೆ ಇಲ್ಲದೆ ಅವರು ಏನನ್ನೂ ಸಾಬೀತು ಮಾಡಲಾರರು. ಕಾರು ಇನ್ನೂ ನಮ್ಮ ಬೀರುವಿನಲ್ಲೇ ಇದೆ.

ಧೈರ್ಯವಾಗಿರು. ರಜೆ ಸಿಕ್ಕಿದರೆ ಬರುತ್ತೇನೆ.

ತಮ್ಮ


ಜೂನ್ 9

ತಮ್ಮಾ,

ನಿನ್ನ ಮೂರು ಪತ್ರಗಳನ್ನು ಮಂಚದ ಮೇಲೆ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಕೆಟ್ಟ ಕಾರನ್ನು ಒಳ್ಳೆಯ ಕಾರಿನ ಪಕ್ಕ ಇಟ್ಟು ನೋಡುವುದು ನಮ್ಮ ಕಸುಬು.

ಮೇ 3: ಎಲ್ಲರೂ ಹೋದ ಮೇಲೆ ನೋಡಿದೆ, ಯಾರಿಗೂ ತೋರಿಸಿಲ್ಲ.
ಮೇ 19: ಅಂಗಡಿಯ ಪುಟ್ಟ ಕನ್ನಡಿ.
ಜೂನ್ 2: ಹಲ್ಲು ನೋಡುವ ಕನ್ನಡಿ.

ಹಲ್ಲಿನ ಡಾಕ್ಟರ ಕನ್ನಡಿ ಹಲ್ಲಿನ ಡಾಕ್ಟರ ಜೇಬಿನಲ್ಲಿರುತ್ತದೆ ಕಣೋ. ಅವರು ಎದುರಿಗೇ ಇದ್ದರು. ಅವರೇ ತೂರಿಸಿ ನೋಡಿದರು. ‘ಏನಿದು ಚುಕ್ಕೆ?’ ಅಂತ ಕೇಳಿದರು. ಬಾಯಿ ಬಿಟ್ಟವನು ನೀನು.

ಈಗ ಸೂಜಿಕಣ್ಣಿಯ ವಿಷಯ ಕೇಳು. ಮೂರನೇ ಸಲ ಕರೆದರು. ಆಮೇಲೆ ಅವಳ ಕೈಗೆ ಕಾಗದ ಕೊಟ್ಟರು: ಕೆಲಸದಿಂದ ತೆಗೆದಿದೆ. ಕಾರಣ: ‘ಮೂರು ಚುಕ್ಕೆ ಯಾರದೆಂದು ಮೂರು ಬಾರಿ ಕೇಳಿದರೂ ತಿಳಿಸದೆ ಕಳ್ಳರನ್ನು ರಕ್ಷಿಸಿದ್ದು.’ ಮೂರು ಸಲ ಕರೆದದ್ದು ನನ್ನ ಹೆಸರು ಕೇಳಲು. ಮೂರು ಸಲವೂ ಅವಳು ಹೇಳಲಿಲ್ಲ. ಹೊರಗೆ ಬಂದರೆ ನಾವು ಆರು ಜನ ಬೆನ್ನು ತಿರುಗಿಸಿಕೊಂಡು ಕೂತಿದ್ದೆವು. ನಾನು ಮೊದಲು ತಿರುಗಿಸಿದೆ. ನಿನ್ನ ಮಾತು ಕೇಳಿ ತಿರುಗಿಸಿದೆ. ಅವಳು ತನ್ನ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುವಾಗ ಗೇಟಿನಲ್ಲಿ ಅವಳ ಜಡೆಯನ್ನೂ ಬಿಚ್ಚಿಸಿದರು.

ಮಾರ್ಚಿನ ಮಾತು ಈಗ ಬರೆಯುತ್ತೇನೆ, ಯಾರು ಬೇಕಾದರೂ ಓದಲಿ. ಅರವತ್ತು ಕೆಂಪು ಕಾರು ಬಂದವು. ‘ಬಣ್ಣ ಕಿತ್ತು ವಾಪಸು ಬಂದಿದ್ದಾವೆ, ರಿಪೇರಿ’ ಅಂದ ಗಡಿಯಾರ. ವಾಪಸು ಬಂದ ಕಾರಿನ ಮೇಲೆ ಗೀರಿರಬೇಕು, ಬೆರಳ ಜಿಡ್ಡಿರಬೇಕು. ಇವು ಬೆತ್ತಲೆ ಲೋಹ. ಅಚ್ಚಿನಿಂದ ಬಿದ್ದ ಚೂಪು ಅಂಚು ಇನ್ನೂ ಹಾಗೇ ಇತ್ತು. ನನ್ನ ಹೆಬ್ಬೆರಳು ಕುಯ್ದಿತು. ರಕ್ತ ಒರೆಸಿಕೊಂಡು ಸುಮ್ಮನೆ ಬಳಿದೆ. ನನಗೆ ಅನುಮಾನ ಬಂದಿತ್ತು, ನುಂಗಿಕೊಂಡೆ. ನನ್ನ ತಪ್ಪು ಅದು. ಫೋಟೋದಲ್ಲಿ ಒಡೆದದ್ದು ಯಾವುದೋ ಗುಜರಿ. ನಿಜವಾದ ಅಚ್ಚು ಜೀವಂತ ಇದೆ. ಐನೂರೇ ಅಂತ ಜಗತ್ತಿಗೆ ಸಾರಿ, ಹಿಂಬಾಗಿಲಿನಿಂದ ಇನ್ನರವತ್ತು ಹೆತ್ತರು. ಸಿಕ್ಕಿಬಿದ್ದಾಗ ಕಳ್ಳಿ ಬೇಕಾಯಿತು. ಮೇಜಿನ ಸುತ್ತ ಏಳು ಕಳ್ಳಿಯರು ಸಿದ್ಧವಾಗಿದ್ದೆವಲ್ಲ!

ಸಂಘದವರು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದಾರೆ. ಜೂನ್ 28ಕ್ಕೆ ಇಲ್ಲೇ ಕಾರ್ಖಾನೆಯಲ್ಲಿ ವಿಚಾರಣೆ. ಸೂಜಿಕಣ್ಣಿಯ ಅನ್ನದ ಪ್ರಶ್ನೆ ಅವತ್ತು ತೀರ್ಮಾನ. ನಾನು ಎದ್ದು ನಿಂತು ಚುಕ್ಕೆ ನನ್ನದು ಅನ್ನುತ್ತೇನೆ. ಫೆಬ್ರವರಿ ಕೊನೆಯವರೆಗೆ ನಾನು ಬಳಿಯುತ್ತಿದ್ದದ್ದು ಚಕ್ರ, ಸೀಟು ಅಲ್ಲ. ಕಳೆದ ವರ್ಷದ ಸೀಟೆಲ್ಲ ಸೂಜಿಕಣ್ಣಿ ಬಳಿದದ್ದು. ಡಾಕ್ಟರ 217ರ ಸೀಟಿನಡಿ ಅರ್ಧ ಚಂದ್ರ ಇದ್ದರೆ, ಅಂಗಡಿಯ 217ರ ಅಡಿ ನನ್ನ ಚುಕ್ಕೆ ಇದ್ದರೆ, ಎರಡನೆಯದು ಅಚ್ಚು ‘ಸತ್ತ’ ಮೇಲೆ ಹುಟ್ಟಿದ್ದು. ಎರಡು ಕಾರೂ ಅಧಿಕಾರಿಯ ಮೇಜಿನ ಮೇಲೆ ಬರಬೇಕು.

ನೀನು ತರುತ್ತೀಯ ಅಂತ ನಾನು ನಂಬಿಲ್ಲ. ಬರೆದಿಟ್ಟಿದ್ದೇನೆ, ಅಷ್ಟೇ.

ಅಕ್ಕ


ಜೂನ್ 15

ಅಕ್ಕಾ,

ಹೌದು. ನಾನೇ.

ಡಾಕ್ಟರು ಜೇಬಿನಿಂದ ಕನ್ನಡಿ ತೆಗೆದು ಕಾರಿನ ಬಾಯೊಳಗೆ ಬಿಟ್ಟರು. ‘ಮೂರು ಚುಕ್ಕೆ ಇದೆಯಲ್ರೀ, ಹುಳುಕಾ?’ ಅಂದರು. ಧಣಿ ಪೆಚ್ಚಾಗಿ ನಿಂತಿದ್ದರು. ಆ ಅಂಗಡಿಯಲ್ಲಿ ಅಷ್ಟು ತಿಳಿದವರ ನಡುವೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಬಾಯಿ ತಡೆಯಲಿಲ್ಲ. ‘ಅದು ಬಣ್ಣ ಬಳಿಯುವವರ ಗುರುತು ಸಾರ್. ಒಬ್ಬೊಬ್ಬರಿಗೆ ಒಂದೊಂದು’ ಅಂದೆ. ಏಳು ವರ್ಷದಲ್ಲಿ ಮೊದಲ ಸಲ ಇಬ್ಬರೂ ನನ್ನ ಮುಖ ನೋಡಿದರು. ‘ನಿನಗೆ ಹೇಗಯ್ಯ ಗೊತ್ತು?’ ಅಂದರು ಡಾಕ್ಟರು.

ಇನ್ನೊಂದು ಇದೆ. ಅದನ್ನು ಹೇಳದಿದ್ದರೆ ಈ ಪತ್ರವೂ ಸುಳ್ಳೇ. ನಮ್ಮ ಅಕ್ಕ ಅಲ್ಲಿ ಕೆಲಸ ಮಾಡುತ್ತಾಳೆ ಅನ್ನಲಿಲ್ಲ. ಎಲ್ಲೋ ಓದಿದ್ದೆ ಅಂದೆ. ಅಕ್ಕ ಸ್ಕೂಲಿನಲ್ಲಿ ಟೀಚರ್ ಅಂತ ಧಣಿಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೆ. ಹಾಗಾಗಿ ಅವರಿಗೆ ನಿನ್ನ ಹೆಸರು ಸಿಗಲಿಲ್ಲ. ನಿನ್ನನ್ನು ಉಳಿಸಿದ್ದು ನನ್ನ ನಾಚಿಕೆ. ಅದನ್ನು ಪ್ರೀತಿ ಅಂದುಕೊಂಡು ಇಷ್ಟು ದಿನ ಮಲಗಿದ್ದೆ.

ಕಾರನ್ನು ಧಣಿ ‘ಪರಿಶೀಲನೆಗೆ’ ಅಂತ 24ಕ್ಕೆ ಕಂಪನಿಗೆ ವಾಪಸು ಕಳಿಸುತ್ತಾರೆ. ಹೋದರೆ ಅದು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ತೆಗೆದುಕೊಂಡು ಬಂದುಬಿಡಲಾ?

ತಮ್ಮ


ಜೂನ್ 20

ತಮ್ಮಾ,

ಮುಟ್ಟಬೇಡ!

ಅವರಿಗೆ ಬೇಕಿರುವುದೇ ಅದು. ಚುಕ್ಕೆ ಇಟ್ಟ ಅಕ್ಕ, ಕಾರು ಎತ್ತಿದ ತಮ್ಮ: ಮನೆತನದ ಕಸುಬು ಅಂತ ಬರೆದುಕೊಂಡು ಕೈ ತೊಳೆದುಕೊಳ್ಳುತ್ತಾರೆ. ಅಥವಾ ಹೀಗೆ ಕೇಳು ಅಂತ ನಿನ್ನ ಧಣಿಯೇ ಹೇಳಿಕೊಟ್ಟನಾ? ಈಗ ನನಗೆ ಎಲ್ಲದರ ಮೇಲೂ ಅನುಮಾನ. ನೀನು ಕೊಟ್ಟ ವರ ಅದು, ಅನುಭವಿಸು.

ಡಾಕ್ಟರ ಹತ್ತಿರ ಹೋಗು. ಮೋಸ ಹೋದವರು ಅವರು. ಅವರ ಹೆಸರಿನಲ್ಲಿ ಅವರೇ ಆ ಕಾರು ಕೊಂಡರೆ ಧಣಿಯ ಬಾಯಿ ಮುಚ್ಚುತ್ತದೆ. ಕಂಪನಿ ನಮ್ಮ ಜಡೆ ಬಿಚ್ಚಿಸಬಹುದು, ಡಾಕ್ಟರ ಜೇಬಿಗೆ ಕೈ ಹಾಕಲಾರದು. ಅವರ ಮುಂದೆ ನಿಜ ಹೇಳು. ಎಲ್ಲವನ್ನೂ. ನಿಮ್ಮ ಅಕ್ಕ ಏನು ಕೆಲಸ ಮಾಡುತ್ತಾಳೆ ಅನ್ನುವುದನ್ನೂ.

ಸೂಜಿಕಣ್ಣಿಯ ಮನೆಗೆ ಹೋಗಿದ್ದೆ. ಬಾಗಿಲು ಅರ್ಧ ತೆರೆದಳು. ತಪ್ಪಾಯಿತು ಅಂದೆ. ‘ಅವರು ತೆಗೆದದ್ದು ನನಗೆ ಹೊಸದಲ್ಲ ಕಣೇ. ನೀನು ಸ್ಟೂಲು ಎಳಕೊಂಡು ಹೋದೆಯಲ್ಲ, ಆ ಸದ್ದು ಮಾತ್ರ ಕಿವಿಯಿಂದ ಹೋಗ್ತಿಲ್ಲ’ ಅಂದಳು. ವಿಚಾರಣೆಗೆ ಬರುತ್ತೀಯಾ ಅಂದೆ. ‘ನನ್ನ ಕೆಲಸಕ್ಕೆ ಬರ್ತೀನಿ. ನಿನಗಾಗಿ ಅಲ್ಲ’ ಅಂದು ಬಾಗಿಲು ಹಾಕಿಕೊಂಡಳು.

ನೀನು ಬಂದರೂ ಬರದಿದ್ದರೂ 28ಕ್ಕೆ ನಾನು ಎದ್ದು ನಿಲ್ಲುತ್ತೇನೆ.

ಅಕ್ಕ


ಜುಲೈ 1

ತಮ್ಮಾ,

ಗೇಟಿನ ಕಾವಲುಗಾರ ಹೇಳಿದ ಕಥೆ ಮೊದಲು. ಹತ್ತು ವರ್ಷದಿಂದ ಹೊರಗೆ ಹೋಗುವ ಕಾರು ಹಿಡಿಯಲು ನಿಂತವನಿಗೆ ಒಳಗೆ ಬರುವ ಕಾರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲವಂತೆ. ಅವನ ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮೇ ಇಲ್ಲ. ನೀನು ಊಟದ ಡಬ್ಬಿ ತೆರೆದು ಎರಡು 217 ತೋರಿಸಿದಾಗ ಅವನು ಅಭ್ಯಾಸಬಲದಿಂದ, ‘ಸಿಕ್ಕಿಬಿದ್ದೆ ಮಗನೇ!’ ಅಂದನಂತೆ. ಆಮೇಲೆ ತಲೆ ಕೆರೆದುಕೊಂಡು, ‘ನೀನ್ಯಾರಯ್ಯ?’ ಅಂದನಂತೆ. ‘ಸೀಟಿಗೆ ಬಣ್ಣ ಬಳಿಯೋಳ ತಮ್ಮ’ ಅಂದೆಯಂತೆ, ಜೋರಾಗಿ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದಾರೆ.

ನಿನ್ನನ್ನು ಒಳಗೆ ಬಿಡಲಿಲ್ಲ. ಡಬ್ಬಿ, ಎರಡನೆಯ ಕಾರನ್ನೂ ತಾವೇ ಕೊಂಡದ್ದಾಗಿ ಡಾಕ್ಟರು ಬರೆದುಕೊಟ್ಟ ಪತ್ರ, ಅವರ ಕನ್ನಡಿ ಒಳಗೆ ಬಂದವು. ಒಳಗಿನದು ಹೇಳುತ್ತೇನೆ.

ಅಧಿಕಾರಿ ಕನ್ನಡಿ ತೂರಿಸಿ ನೋಡಿದರು. ಒಂದರಲ್ಲಿ ಅರ್ಧ ಚಂದ್ರ, ಇನ್ನೊಂದರಲ್ಲಿ ಮೂರು ಚುಕ್ಕೆ. ನಾನು ಎದ್ದು, ‘ಚುಕ್ಕೆ ನನ್ನದು’ ಅಂದೆ. ಮ್ಯಾನೇಜರು, ‘ಒಪ್ಪಿಕೊಂಡಳು, ಬರ್ಕೊಳ್ಳಿ’ ಅಂದ. ‘ತಾರೀಖನ್ನೂ ಬರ್ಕೊಳ್ಳಿ ಸಾರ್’ ಅಂದೆ. ಹಾಜರಿ ಪುಸ್ತಕ ತರಿಸಿದರು. ಫೆಬ್ರವರಿವರೆಗೆ ಚಕ್ರ, ಮಾರ್ಚಿನಿಂದ ಸೀಟು, ಅವರದೇ ಕೈಬರಹ. ಆಗ ಮ್ಯಾನೇಜರು ರಾಗ ಬದಲಿಸಿದ: ಹಳೆಯ ಖಾಲಿ ಲೋಹ ಕದ್ದು ಹೊರಗೆ ಬಳಿದಿದ್ದಾರಂತೆ. ‘ಈ ಕೆಂಪು ಬಣ್ಣ ಒಲೆಯಲ್ಲಿ ಬೇಯದೆ ನಿಲ್ಲೋದಿಲ್ಲ. ಒಲೆಯ ಬೀಗ ಗಡಿಯಾರದ ಹತ್ತಿರ. ನಾವೇನು ಹಾಸ್ಟೆಲಿನ ನೀರು ಕಾಯಿಸೋ ಹಂಡೆಯಲ್ಲಿ ಬೇಯಿಸಿದ್ವಾ?’ ಅಂದೆ. ಯಾರೋ ನಕ್ಕರು.

ಆಗ ಸೂಜಿಕಣ್ಣಿ ಎದ್ದಳು. ಕುಂಚ ಸುತ್ತಿಕೊಂಡು ಹೋಗಿದ್ದ ಬಟ್ಟೆ ಬಿಚ್ಚಿದಳು. ಒಳಗೆ ಕುಂಚ ಒರೆಸುವ ಒಂದು ಹಾಳೆ, ಬಿಳಿ ಬಣ್ಣದ ಗೀಟುಗಳ ಅಡಿಯಲ್ಲಿ ಅಂಕಿಗಳು: ಯಾವ ಕಾರಿಗೆ ಯಾವ ಸಂಖ್ಯೆ ಬರೆಯಬೇಕು ಅಂತ ಮಾರ್ಚಿನಲ್ಲಿ ಕೊಟ್ಟ ಪಟ್ಟಿ. 201ರಿಂದ 260. ಕೆಳಗೆ ಗಡಿಯಾರದ ಸಹಿ. ‘ಇದು ನಿಮ್ಮದಾ?’ ಅಂದರು ಅಧಿಕಾರಿ. ಅವನು ಕೈಯಲ್ಲಿದ್ದ ಸ್ಟಾಪ್‌ವಾಚನ್ನೇ ನೋಡುತ್ತ ನಿಂತ. ಇಷ್ಟು ವರ್ಷ ನಮ್ಮ ಮೇಲೆ ಓಡಿದ್ದು ಮೊದಲ ಸಲ ಅವನ ಮೇಲೆ ಓಡಿತು.

ಅವಳನ್ನು ವಾಪಸು ತೆಗೆದುಕೊಂಡಿದ್ದಾರೆ. ನೋಟೀಸು ಕಿತ್ತಿದ್ದಾರೆ, ನಾಲ್ಕು ಮೊಳೆ ಹಾಗೇ ಬಿಟ್ಟಿದ್ದಾರೆ, ಮುಂದಿನದಕ್ಕೆ. ಅರವತ್ತು ಕಾರಿನ ಮೋಸದ ಮೇಲೆ ಬೇರೆ ಕೇಸು ಅಂತೆ. ಅದು ಎಲ್ಲಿ ಮುಟ್ಟುತ್ತದೋ ನೋಡೋಣ. ಸಂಘದ ಅರ್ಜಿಗೆ ಆ ಸಂಜೆಯೇ ಎಂಬತ್ತು ಹೊಸ ಸಹಿ ಬಿದ್ದವು. ಸೂಜಿಕಣ್ಣಿ ಮೇಜಿನ ಆ ತುದಿಯಲ್ಲಿ ಕೂರುತ್ತಾಳೆ. ಅವಳ ಪಕ್ಕ ಸ್ಟೂಲು ಖಾಲಿ ಇದೆ. ಎಳೆದುಕೊಂಡು ಹೋಗಿ ಕೂರುವ ಧೈರ್ಯ ನನಗಿನ್ನೂ ಬಂದಿಲ್ಲ.

ಧಣಿ ನಿನ್ನನ್ನು ಕೆಲಸದಿಂದ ಬಿಡಿಸಿದ ಅಂತ ದರ್ಜಿಯ ಹತ್ತಿರ ನೀನು ಬಿಟ್ಟುಹೋದ ಚೀಟಿಯಲ್ಲಿ ಓದಿದೆ. ಬಸ್ಸಿನವರೆಗೆ ಬರುತ್ತೇನೇನೋ ಅಂತ ನೀನು ಗೇಟಿನ ಎದುರು ಬಹಳ ಹೊತ್ತು ನಿಂತಿದ್ದೆ. ಕಿಟಕಿಯಿಂದ ಕಂಡಿತು. ಖಾಲಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ನಾನು ಬರಲಿಲ್ಲ. ಕೆಲಸ ಇತ್ತು ಅಂತ ಸುಳ್ಳು ಹೇಳುವುದಿಲ್ಲ. ಬೇಕೆಂದೇ ಬರಲಿಲ್ಲ.

ಬೇರೆ ಕೆಲಸ ಸಿಗುವವರೆಗೆ ಇಲ್ಲಿ ಬಂದು ಇರು. ದರ್ಜಿಯ ಮನೆಯ ಹಿಂದೆ ಒಂದು ಕೋಣೆ ಮಾತಾಡಿದ್ದೇನೆ. ನೀನು ನನ್ನ ತಮ್ಮ, ಅದನ್ನು ಯಾವ ಕಂಪನಿಯೂ ತೆಗೆದುಹಾಕಲಾರದು.

ಈಗ ಪ್ರತಿ ಸೀಟಿನಡಿ ಕನ್ನಡಿ ಹಿಡಿದು ನೋಡುತ್ತಾರೆ. ಏನೂ ಸಿಗುವುದಿಲ್ಲ. ಗುರುತನ್ನು ನಾವು ಏಳೂ ಜನ ಬೇರೆ ಕಡೆ ಇಡುತ್ತಿದ್ದೇವೆ.

ಎಲ್ಲಿ ಅಂತ ನಿನಗೆ ಹೇಳುವುದಿಲ್ಲ.

ನಿನ್ನ ಅಕ್ಕ